ಕಂಬವೇರಿದ ಪ್ಯಾಂಟು

“ಅಲ್ಲ ಕಣಯ್ಯಾ, ಒಗೆಯೋಕೆ ನಿಂಗೆ ಬೇರೇನೂ ಸಿಗ್ಲಿಲ್ವಾ?” ಎಂದು ಮ್ಯಾನೇಜರು ಹಣೆ ಚಚ್ಚಿಕೊಂಡರು.

ಗಾಳಿಯಣ್ಣ ನೆಲ ನೋಡಿದ. ಕಡಲಂಚಿನ ಆ ಪುಟ್ಟ ವಿಮಾನ ನಿಲ್ದಾಣದಲ್ಲಿ, ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ಪೈಲಟ್‌ಗೆ ತೋರಿಸುವ ಬಟ್ಟೆಚೀಲವನ್ನು ಕಂಬಕ್ಕೇರಿಸುವುದು ಅವನ ಕೆಲಸ. ಹೆಸರೂ ಅದರಿಂದಲೇ ಬಂದದ್ದು. ಎಷ್ಟೋ ವರ್ಷಗಳಿಂದ ಹಂಗಾಮಿ. ಇವತ್ತು ಪ್ರವಾಸಿಗರ ವಿಮಾನದಲ್ಲೇ ತಪಾಸಣೆಗೆ ಬರುವ ಸಾಹೇಬರು ಮೆಚ್ಚಿದರೆ ಕಾಯಂ. ಆ ಸಡಗರದಲ್ಲಿ ಚೀಲವನ್ನು ಒಗೆದು ಬೇಲಿಯ ಮೇಲೆ ಒಣಹಾಕಿದ್ದೇ ತಪ್ಪಾಯಿತು. ಪಕ್ಕದ ರಾಷ್ಟ್ರೀಯ ಉದ್ಯಾನದ ಕೋತಿಯೊಂದು ಅದನ್ನು ಹೊಸ ಅಂಗಿಯಂತೆ ತೊಟ್ಟು, ಮರದಿಂದ ಮರಕ್ಕೆ ಮೆರವಣಿಗೆ ಹೊರಟಿತ್ತು.

ರೇಡಿಯೋ ಗೊರಗುಟ್ಟಿತು. “ಏನ್ರೀ, ಕಂಬ ಬೋಳಾಗಿದೆ! ಚೀಲ ಕಾಣ್ದೆ ನಾನು ಇಳಿಯಲ್ಲ. ಇನ್ನೊಂದು ಸುತ್ತು ನೋಡ್ತೀನಿ, ಆಮೇಲೆ ವಾಪಸ್ಸೇ.”

“ನಮ್ಮ ಮೇಜಿನ ಬಟ್ಟೆ ಕಟ್ಟೋ,” ಎಂದಳು ಕ್ಯಾಂಟೀನಿನ ಅಕ್ಕ.

“ಆಗಲ್ಲಕ್ಕ. ಗಾಳಿ ಒಳಗೆ ತುಂಬ್ಕೋಬೇಕು.”

ಟ್ಯಾಕ್ಸಿಯವನು ಗಾಳಿಯಣ್ಣನನ್ನು ಮೇಲಿಂದ ಕೆಳಗೆ ಅಳೆದ. ಸೊಂಟದ ಹತ್ತಿರ ಕಣ್ಣು ನಿಂತಿತು. “ನಿನ್ ಪ್ಯಾಂಟಲ್ಲಿ ಎರಡೆರಡು ಚೀಲ ಇದೆಯಲ್ಲೋ!”

“ಲೋ, ಯೂನಿಫಾರ್ಮು ಕಣೋ! ಇವತ್ತಿಗೇ ಅಂತ ಹೊಲಿಸಿದ್ದು!”

“ವಿಮಾನ ವಾಪಸ್ ಹೋದ್ರೆ ನಿನ್ ಕೆಲಸಾನೂ ಅದರ ಜೊತೆ ಹೋಯ್ತು ಅಂತ ತಿಳ್ಕೊ,” ಎಂದರು ಮ್ಯಾನೇಜರು. “ಬಿಚ್ಚಪ್ಪಾ, ಬಿಚ್ಚು!”

ಅಕ್ಕ ಮುಖ ತಿರುಗಿಸಿಕೊಂಡೇ ಹೂಹೂವಿನ ಮೇಜಿನ ಬಟ್ಟೆ ಚಾಚಿದಳು. ಗಾಳಿಯಣ್ಣ ಅದನ್ನು ಸುತ್ತಿಕೊಂಡು ಹಗ್ಗ ಜಗ್ಗಿದ. ಪ್ಯಾಂಟು ಮೇಲೇರಿ, ಉಂಡು ತೇಗಿದವನ ಹೊಟ್ಟೆಯಂತೆ ಉಬ್ಬಿತು.

“ಆಹಾ, ಈಗ ಕಾಣ್ತು! ಇಳೀತಿದ್ದೀನಿ!” ಎಂದಿತು ರೇಡಿಯೋ.

ಇಳಿದ ಪ್ರವಾಸಿಗರು, ಕಾಡುಪ್ರಾಣಿಗಳಿಗೆಂದು ತಂದಿದ್ದ ಕ್ಯಾಮೆರಾಗಳನ್ನೆಲ್ಲ ಗಾಳಿಯಣ್ಣನತ್ತ ತಿರುಗಿಸಿದರು. ಸಾಹೇಬರು ನಿಲ್ದಾಣವನ್ನೆಲ್ಲ ಸುತ್ತಿ ನೋಡಿದರು, ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಭೇಷ್! ಎಂಥಾ ತಲೆಯಯ್ಯಾ ನಿಂದು!” ಎಂದು ಸಹಿಗಾಗಿ ಪೆನ್ನು ತೆಗೆದವರು, ಮೇಜಿನ ಬಟ್ಟೆ ನೋಡಿ ತಡೆದರು. “ಆದ್ರೆ ಯೂನಿಫಾರ್ಮ್ ಹಾಕ್ಕೊಂಡಿರೋರನ್ನ ಮಾತ್ರ ಕಾಯಂ ಮಾಡ್ಬೇಕು ಅಂತ ನಿಯಮ. ನನ್ನ ಕಣ್ಣೆದುರಿಗೆ ಹಾಕ್ಕೊಂಡು ಬಾ, ಸಹಿ ಹಾಕಿಬಿಡ್ತೀನಿ.”

“ಒಂದೇ ನಿಮಿಷ ಸಾರ್!” ಗಾಳಿಯಣ್ಣ ಹಗ್ಗಕ್ಕೆ ಹಾರಿದ.

“ಏಯ್, ಮುಟ್ಟಬೇಡ!” ಪೈಲಟ್ ಕಿಟಕಿಯಿಂದ ಕಿರುಚಿದ. “ನಾನು ಹಾರೋವರೆಗೂ ಅದು ಅಲ್ಲೇ ಇರ್ಬೇಕು!”

“ಹಾರೋದು ಯಾವಾಗ, ಸ್ವಾಮಿ?”

“ಸಾಹೇಬರು ಹತ್ತಿದ ಕೂಡ್ಲೇ.”

ಸಾಹೇಬರು ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಅವನ ಬೆನ್ನು ತಟ್ಟಿದರು. “ಮುಂದಿನ ವರ್ಷ ಬರ್ತೀನಲ್ಲಪ್ಪಾ. ಪ್ಯಾಂಟ್ ಹಾಕ್ಕೊಂಡಿರು.”

ಹಾರಿದ ವಿಮಾನ ಅರ್ಧ ಸುತ್ತು ತಿರುಗಿ ತಲೆಯ ಮೇಲೆ ಹಾದುಹೋಯಿತು. ಕಂಬದ ತುದಿಯಲ್ಲಿ ಪ್ಯಾಂಟು ಎರಡೂ ಕಾಲು ಝಾಡಿಸುತ್ತ ಅದರ ಹಿಂದೆಯೇ ಓಡಿತು.