ಅಧ್ಯಕ್ಷರ ಅಧಿಕೃತ ಮುಖ

ಶೆಟ್ಟಿಹಳ್ಳಿಯ ಸೊಣ್ಣಮ್ಮ ಲೇಔಟ್ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರ ಮೊಣಕೈಯ ಒಳಬದಿಯಲ್ಲಿ ಚರ್ಮ ಒಣಗಿ, ಕೆಂಪಾಗಿ, ತುರಿಸುತ್ತಿದ್ದುದು ನಿಜವೆಂದು ಈ ಮೂಲಕ ಸರ್ವರಿಗೂ ತಿಳಿಯಪಡಿಸಲಾಗಿದೆ. ಸದರಿ ಅಧ್ಯಕ್ಷ ನಾನೇ. ಹೆಸರು ನಾಗೇಶ್. ಲೇಔಟು ಇರುವುದು ನಮ್ಮ ತಾತನ ರಾಗಿ ಹೊಲದಲ್ಲಿ, ಹೆಸರು ನಮ್ಮಜ್ಜಿಯದು, ಆದ್ದರಿಂದ ಅಧ್ಯಕ್ಷಗಿರಿ ನನ್ನದು. ಈ ಸಲ ಶಿವರಾಮ್ ಎನ್ನುವವನು ಎದುರು ನಿಲ್ಲುವವರೆಗೂ ಇದರಲ್ಲಿ ಯಾರಿಗೂ ತಕರಾರಿರಲಿಲ್ಲ.

ಚರ್ಮದ ಡಾಕ್ಟರು ರೆಹಾನಾ ಕೈ ನೋಡಿ, ಒಂದು ಸಣ್ಣ ಟ್ಯೂಬು, ಒಂದು ದೊಡ್ಡ ಬಾಟಲಿ ಬರೆದುಕೊಟ್ಟರು.

"ಟ್ಯೂಬಲ್ಲಿರೋದು ಮೈಲ್ಡ್ ಸ್ಟೀರಾಯ್ಡ್ ಸಾರ್. ಕೆಂಪಾಗಿರೋ ಜಾಗಕ್ಕೆ ಮಾತ್ರ, ತೆಳ್ಳಗೆ. ಒಂದು ವಾರ ಹಚ್ಚಿ, ನಿಲ್ಸಿ. ಕಮ್ಮಿ ಆಗ್ಲಿಲ್ಲ ಅಂದ್ರೆ ನನ್ನತ್ರ ಬನ್ನಿ, ನೀವಾಗೇ ಮುಂದುವರಿಸ್ಬೇಡಿ. ಬಾಟಲಿದು ಮಾಯಿಶ್ಚರೈಸರ್. ಅದನ್ನ ಧಾರಾಳವಾಗಿ ಹಚ್ಕೊಳ್ಳಿ, ಸ್ನಾನ ಆದ್ಮೇಲಂತೂ ಬಿಡ್ಲೇಬೇಡಿ."

"ಮುಖಕ್ಕೆ?"

"ಈ ಟ್ಯೂಬು ಮುಖಕ್ಕೆ ಬೇಡ. ಮುಖದ ಚರ್ಮ ತೆಳು."

ಇಷ್ಟು ವರ್ಷ ಸಂಘ ನಡೆಸಿದ ನನ್ನ ಮುಖದ ಚರ್ಮ ತೆಳು ಎಂದು ಹೇಳಿದವರು ಅವರೊಬ್ಬರೇ. ಮನಸ್ಸಿಗೆ ಹಿತವಾಯಿತು. ಸಲಹೆಯನ್ನು ಪರಿಶೀಲನೆಗೆ ಇಟ್ಟುಕೊಂಡೆ.

ಕೈಗೆ ಹೇಳಿದಂತೆ ಹಚ್ಚಿದೆ, ಹೇಳಿದಂತೆ ವಾಸಿಯಾಯಿತು. ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಸಂಘದ ಚುನಾವಣೆ ಹತ್ತಿರ ಬಂದಿತ್ತು, ಮೂಗಿನ ಪಕ್ಕ ಚೂರು ಒಣ ಸಿಪ್ಪೆ ಎದ್ದಿತ್ತು, ಟ್ಯೂಬಿನಲ್ಲಿ ಇನ್ನೂ ಮುಲಾಮು ಉಳಿದಿತ್ತು. ಉಳಿದದ್ದನ್ನು ಬಿಸಾಡುವ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ. ಮೂಗಿನ ಪಕ್ಕ ಹಚ್ಚಿದೆ. ಒಂದು ಕೆನ್ನೆಗೆ ಕೊಟ್ಟು ಇನ್ನೊಂದಕ್ಕೆ ಕೊಡದಿದ್ದರೆ ಪಕ್ಷಪಾತವಾಗುತ್ತದೆಂದು ಇಡೀ ಮುಖಕ್ಕೆ ವಿಸ್ತರಿಸಿದೆ. ಮುಖ ನುಣ್ಣಗಾಗಿ ಹೊಳೆಯತೊಡಗಿತು. ಆ ಹೊಳಪಿನಲ್ಲೇ ಫ್ಲೆಕ್ಸ್ ಅಂಗಡಿಯ ಜೀಷಾನ್ ಫೋಟೊ ತೆಗೆದ.

"ಸಾರ್, ಈ ಸಲ ಎಡಿಟಿಂಗೇ ಬೇಡ," ಅಂದ.

ನನ್ನ ಜೀವಮಾನದಲ್ಲಿ ಯಾರೂ ಇಂಥ ಮಾತು ಆಡಿರಲಿಲ್ಲ. ಕಣ್ಣಲ್ಲಿ ನೀರು ಬಂತು.

ನಗರದಲ್ಲಿ ಫ್ಲೆಕ್ಸ್ ನಿಷೇಧವಿರುವುದರಿಂದ ಲೇಔಟಿನ ನಾಲ್ಕು ಮೂಲೆಗಳಲ್ಲಿ ಮತ್ತು ಸಂಘದ ಕಚೇರಿಯ ಮುಂದೆ ಮಾತ್ರ ಕಟ್ಟಿಸಿದೆ. ಬಿಳಿ ಅಂಗಿ, ಮುಗಿದ ಕೈ, ಮೇಲೆ ಹೊಳೆಯುವ ಮುಖ. ಇನ್ನು ಮುಂದೆ ಫ್ಲೆಕ್ಸಿಗೆ ತಕ್ಕ ಮುಖ ಇಟ್ಟುಕೊಳ್ಳುವುದು ನನ್ನ ಸಾರ್ವಜನಿಕ ಹೊಣೆಯಾಯಿತು. ಟ್ಯೂಬು ಮುಗಿದಾಗ ಮೆಡಿಕಲ್ ಸ್ಟೋರಿಗೆ ಹೋಗಿ, "ಇದಕ್ಕಿಂತ ಪವರ್ ಇರೋದು ಕೊಡಪ್ಪಾ" ಅಂದೆ. ಕೊಟ್ಟ. ಡಾಕ್ಟರ ಚೀಟಿ ಕೇಳಲಿಲ್ಲ. ಅಧ್ಯಕ್ಷರನ್ನು ಚೀಟಿ ಕೇಳುವುದು ನಮ್ಮ ಕಡೆ ಮರ್ಯಾದೆಯಲ್ಲ. ದೊಡ್ಡ ಬಾಟಲಿಯನ್ನು ನನ್ನ ಹೆಂಡತಿ ನಯನಾ ತನ್ನ ಒಡೆದ ಹಿಮ್ಮಡಿಗೆ ಹಚ್ಚಿಕೊಂಡಳು. ಸದ್ಯಕ್ಕೆ ನಮ್ಮ ಮನೆಯಲ್ಲಿ ಸುಸ್ಥಿತಿಯಲ್ಲಿರುವ ಚರ್ಮ ಅದೊಂದೇ.

ವಾರಗಳು ಕಳೆದವು. ಮುಲಾಮು ಹಚ್ಚಿದರೆ ಮುಖ ಸುಮ್ಮನಿರುತ್ತಿತ್ತು, ಒಂದು ದಿನ ಬಿಟ್ಟರೆ ಮುಷ್ಕರ ಹೂಡುತ್ತಿತ್ತು. ಆಮೇಲೆ ಹಚ್ಚಿದರೂ ಕೇಳಲಿಲ್ಲ. ಕೆಂಪಾಯಿತು, ಗುಳ್ಳೆ ಎದ್ದವು, ಬಿಸಿಲು ಬಿದ್ದರೆ ಉರಿ. ಸಂಘದ ಕಾರ್ಯದರ್ಶಿ ವೆಂಕಟೇಶಪ್ಪ ಕೂಡಲೇ ಪ್ರಕಟಣೆ ಹೊರಡಿಸಿದರು:

"ಅಧ್ಯಕ್ಷರ ಮುಖ ಕೆಂಪೇರಿರುವುದು ನಿವಾಸಿಗಳ ಸೇವೆಗಾಗಿ ಬಿಸಿಲಿನಲ್ಲಿ ತಿರುಗಿದ್ದರಿಂದ. ಸದಸ್ಯರು ಅನ್ಯಥಾ ಭಾವಿಸಬಾರದು ಹಾಗೂ ದಿಟ್ಟಿಸಿ ನೋಡಬಾರದು."

ನಯನಾ ನನ್ನನ್ನು ಮತ್ತೆ ರೆಹಾನಾ ಅವರ ಹತ್ತಿರ ಎಳೆದುಕೊಂಡು ಹೋದಳು.

"ಮೈಲ್ಡ್ ಕೊಟ್ಟಿದ್ದು ಕೈಗೆ, ಒಂದು ವಾರಕ್ಕೆ. ನೀವು ಪವರ್ ಇರೋದನ್ನ ಮುಖಕ್ಕೆ ಬಳ್ಕೊಂಡಿದೀರ," ಅಂದರು ಡಾಕ್ಟರು. "ಈಗ ಅದು ಬಂದ್. ಸ್ವಲ್ಪ ದಿನ ಇನ್ನೂ ಜಾಸ್ತಿ ಕೆಂಪಾಗತ್ತೆ. ಹೆದ್ರಿಕೊಂಡು ಮತ್ತೆ ಹಚ್ಬೇಡಿ, ಇಲ್ಲಿಗೇ ಬನ್ನಿ. ಬಿಸಿಲಿಗೆ ಹೋಗ್ಬೇಡಿ."

"ಭಾನುವಾರ ಚುನಾವಣೆ ಇದೆ ಡಾಕ್ಟ್ರೇ."

"ಅದು ನಿಮ್ ಮುಖಕ್ಕೆ ಗೊತ್ತಿಲ್ಲ ಸಾರ್."

ಭಾನುವಾರ ಕಚೇರಿಯ ಬಾಗಿಲಲ್ಲಿ ವಾಚ್‌ಮನ್ ಮಹಾಲಿಂಗಪ್ಪ ನನ್ನನ್ನು ತಡೆದರು. ಗುರುತು ಸಿಗದವರನ್ನು ಒಳಗೆ ಬಿಡಕೂಡದೆಂಬ ನಿಯಮವಿದೆ. ಬಾಡಿಗೆಯವರು ಬಂದು ಪ್ರಶ್ನೆ ಕೇಳಬಾರದೆಂದು ಅದನ್ನು ಮಾಡಿದವನು ನಾನೇ.

"ಯಾರ್ ಬೇಕಿತ್ತು ಸ್ವಾಮಿ?"

"ನಾನು ಕಣಯ್ಯ, ನಾಗೇಶ."

ಅವರು ನನ್ನನ್ನು ನೋಡಿದರು, ಫ್ಲೆಕ್ಸ್ ನೋಡಿದರು. "ನಾಗೇಶಣ್ಣ ಅಗೋ ಅಲ್ಲಿ ಅವ್ರೆ," ಎಂದು ಅದರ ಕಡೆ ಕೈ ತೋರಿಸಿದರು.

ನಯನಾ, "ನಮ್ಮನೆಗೆ ಬಂದಿರೋ ನೆಂಟ್ರು, ಬಿಡಿ," ಎಂದು ಹೇಳಿ ನನ್ನನ್ನು ಒಳಗೆ ಸೇರಿಸಿದಳು.

ಒಳಗೆ ಶಿವರಾಮ್ ಎದ್ದು ನಿಂತ. "ಈ ಮುಖಕ್ಕೂ ಆ ಮುಖಕ್ಕೂ ಸಂಬಂಧ ಇಲ್ಲ ಕಣ್ರೀ. ಎರಡರಲ್ಲಿ ಅಭ್ಯರ್ಥಿ ಯಾವ್ದು ಹೇಳಿ."

ಪ್ರಶ್ನೆ ನ್ಯಾಯವಾಗಿತ್ತು. ಸದಸ್ಯರು ಟೀ ಕುಡಿಯುತ್ತಾ ಚರ್ಚಿಸಿದರು. ವೆಂಕಟೇಶಪ್ಪ ನಿರ್ಣಯ ಓದಿದರು:

"ಇತ್ತೀಚೆಗೆ ಸದಸ್ಯರು ನಿತ್ಯ ನೋಡುತ್ತಿರುವ, ಸದಾ ಕೈ ಮುಗಿದಿರುವ, ಎದುರು ಮಾತಾಡದಿರುವ ಮುಖವೇ ಅಧಿಕೃತ. ಇನ್ನೊಂದು ಮುಖವು ವಾಸಿಯಾದ ಬಳಿಕ ಅರ್ಜಿ ಸಲ್ಲಿಸತಕ್ಕದ್ದು."

ಹೊರಗಿನ ಫ್ಲೆಕ್ಸ್ ಬಿಚ್ಚಿ ತಂದು ಅಧ್ಯಕ್ಷರ ಕುರ್ಚಿಗೆ ಒರಗಿಸಿದರು. ಶಿವರಾಮ್ ಅದನ್ನೇ ಸ್ವಲ್ಪ ಹೊತ್ತು ನೋಡಿ, "ಇವ್ರ ಜೊತೆ ಆದ್ರೆ ಕೆಲಸ ಮಾಡ್ಬೋದು," ಎಂದು ಹಿಂದೆ ಸರಿದ. ನನ್ನ ತಾತನ ಹೊಲ, ನನ್ನಜ್ಜಿಯ ಹೆಸರು, ನನ್ನ ಕುರ್ಚಿ! ಮುಖಕ್ಕಿಂತ ಹೊಟ್ಟೆ ಜಾಸ್ತಿ ಉರಿಯಿತು.

"ಅವ್ರು ಕೆರ್ಕೊಳ್ಳಲ್ಲ ಕಣ್ರೀ, ಅವ್ರೇ ಇರ್ಲಿ ಬಿಡಿ," ಎಂದು ನಯನಾ ಮೆಲ್ಲಗೆ ಅಂದಳು. "ನೀವು ಕಿಟಕಿ ಬಿಟ್ಟು ಈ ಕಡೆ ನೆರಳಿಗೆ ಬನ್ನಿ."

ನೆರಳಿಗೆ ಬಂದೆ. ವೆಂಕಟೇಶಪ್ಪ, ಒಪ್ಪಿಗೆ ಇರುವವರು ಕೈ ಎತ್ತಬೇಕೆಂದು ಕೋರಿದರು. ಎಲ್ಲರೂ ಎತ್ತಿದರು. ಕೆನ್ನೆ ಕೆರೆಯುತ್ತಿದ್ದ ಕೈಯನ್ನು ತೆಗೆದು ನಾನೂ ಎತ್ತಿದೆ.