ಬಾಣಂಗೆ ಮೂರು ಕೊಟೇಶನ್

ಭ್ರಮರಾಂಬ ತಮ್ಮ ಹೊಸ ಫೋನಿನಲ್ಲಿ ಒಂದು ಫೋಟೋ ತೆಗೆಯದೇ ಹೋಗಿದ್ದರೆ ಶ್ರೀಕಂಠನ ಆ ಭಾನುವಾರ ಉಳಿದ ಭಾನುವಾರಗಳಂತೆಯೇ ಕಳೆದುಹೋಗುತ್ತಿತ್ತು. ಅಂದರೆ ಬೆಳಿಗ್ಗೆ ನಾಯಿ ಅವನನ್ನು ಎಳೆದುಕೊಂಡು ಹೋಗುವುದು, ಸಂಜೆ ಇನ್ನೊಂದು ಸಲ ಎಳೆದುಕೊಂಡು ಹೋಗುವುದು, ನಡುವೆ ಸಿಕ್ಕ ಹೊತ್ತಿನಲ್ಲಿ ಅವನು ಸೊಂಟಕ್ಕೆ ಮುಲಾಮು ಹಚ್ಚಿಕೊಳ್ಳುವುದು.

ನಾಯಿ ಅವನದಲ್ಲ, ದಕ್ಷಿಣಾಮೂರ್ತಿಯವರದು. ದಕ್ಷಿಣಾಮೂರ್ತಿ ಅವನ ಬ್ಯಾಂಕಿನ ದೊಡ್ಡ ಅಧಿಕಾರಿ. ವಿಶಾಖಪಟ್ಟಣದಲ್ಲಿದ್ದಾಗ ಇದೇ ಮಧುರವಾಡದ ಅಪಾರ್ಟ್‌ಮೆಂಟಿನಲ್ಲಿ, ಶ್ರೀಕಂಠನ ಮೇಲಿನ ಮಹಡಿಯಲ್ಲೇ ಮನೆ ಮಾಡಿದ್ದರು. ಐದು ತಿಂಗಳ ಹಿಂದೆ ಅವರಿಗೆ ವಿಜಯವಾಡಕ್ಕೆ ವರ್ಗವಾಯಿತು. ಅಲ್ಲಿನ ಕ್ವಾರ್ಟರ್ಸಿನಲ್ಲಿ ನಾಯಿ ಸಾಕುವ ಹಾಗಿಲ್ಲ. ಹೊರಡುವ ದಿನ ಅವರು ಬಾಣಂ ಎಂಬ ಆ ನಾಯಿಯ ಹಗ್ಗವನ್ನು ಶ್ರೀಕಂಠನ ಕೈಗಿಟ್ಟರು. ಹಿಂದೆ ರಾಯಚೂರಿನಲ್ಲಿದ್ದಾಗ ಕಲಿತ ಕನ್ನಡದಲ್ಲಿ, "ಇದು ಮುಧೋಳದ ನಾಯಿ, ನಿಮ್ಮ ಕಡೇದು. ಕನ್ನಡದವರ ಹತ್ರಾನೇ ಇದಕ್ಕೆ ಸುಖ. ಎರಡೇ ತಿಂಗಳು" ಎಂದರು. ಮುಧೋಳಕ್ಕೂ ತನ್ನ ನಂಜನಗೂಡಿಗೂ ನಡುವೆ ಇಡೀ ಒಂದು ರಾಜ್ಯ ಮಲಗಿದೆ ಎಂದು ಹೇಳುವ ಧೈರ್ಯ ಶ್ರೀಕಂಠನಿಗೆ ಬರಲಿಲ್ಲ.

ಧೈರ್ಯ ಬರದಿರಲು ಕಾರಣವಿತ್ತು. ವಿಜಯವಾಡದಲ್ಲಿ ದಕ್ಷಿಣಾಮೂರ್ತಿಯವರಿಗೆ ಸಿಕ್ಕಿದ್ದು ವರ್ಗಾವಣೆಯ ವಿಭಾಗ. ಊರ ಕಡೆ ಹೋಗಬೇಕೆಂದು ನಾಲ್ಕು ವರ್ಷದಿಂದ ಶ್ರೀಕಂಠ ಹಾಕುತ್ತ ಬಂದ ಅರ್ಜಿಗಳೆಲ್ಲ ಈಗ ಅವರ ಮೇಜಿನ ಮೇಲೆ ಹೋಗಿ ಕೂತಿದ್ದವು. ಈ ಸಲ ಮೈಸೂರಿನ ಕಡೆ ಒಂದು ಜಾಗ ಖಾಲಿಯಿದೆ, ಸೋಮವಾರ ಪಟ್ಟಿ ಹೊರಡುತ್ತದೆ ಎಂದು ಸುದ್ದಿ. ಸುದ್ದಿ ಕೇಳಿದ ದಿನವೇ ಅವನ ಹೆಂಡತಿ ಗಿರಿಜಾ ಮನೆಯ ಸಾಮಾನನ್ನೆಲ್ಲ ಪೆಟ್ಟಿಗೆಗೆ ತುಂಬಿ, ಒಂದು ಕುಕ್ಕರು, ಮೂರು ತಟ್ಟೆ ಮಾತ್ರ ಹೊರಗಿಟ್ಟಿದ್ದಳು. ಮೂರನೆಯ ತಟ್ಟೆ ಬಾಣಂದು.

ಆ ತಟ್ಟೆಗೆ ಬೀಳುತ್ತಿದ್ದದ್ದು ಸಾರನ್ನ, ಮಜ್ಜಿಗೆಯನ್ನ. ದಕ್ಷಿಣಾಮೂರ್ತಿಯವರು ಬಿಟ್ಟುಹೋದ ವಿದೇಶಿ ಆಹಾರದ ಮೂಟೆ ಎರಡನೇ ತಿಂಗಳಿಗೇ ಮುಗಿದಿತ್ತು. ಅದರ ಮೇಲೆ 'ಚುರುಕಾದ ನಾಯಿಗಳಿಗೆ' ಎಂದು ಬರೆದಿದ್ದರು. ಇನ್ನೊಂದು ಮೂಟೆಯ ಬೆಲೆ ಕೇಳಿ ಶ್ರೀಕಂಠ ಅಂಗಡಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಬಂದಿದ್ದ. ಬಾಣಂ ಪಾಪ, ಹಾಕಿದ್ದನ್ನು ತಿಂದು, ಬಾಲಕ್ಕೆ ಬೆಂಕಿ ಹತ್ತಿದಂತೆ ಓಡಿಕೊಂಡಿತ್ತು.

ಆ ಭಾನುವಾರ ಬೆಳಿಗ್ಗೆ ಮಾತ್ರ ಕೆಳಗಿನ ಮನೆಯ ಭ್ರಮರಾಂಬ ಮೆಟ್ಟಿಲಲ್ಲಿ ಅಡ್ಡ ನಿಂತರು. ಬಳ್ಳಾರಿಯಲ್ಲಿ ಹುಟ್ಟಿ, ತೆಲುಗಿನವರ ಮನೆ ಸೇರಿ ನಲವತ್ತು ವರ್ಷವಾದ ಹೆಂಗಸು.

"ಅಲ್ಲ ಶ್ರೀಕಂಠಪ್ಪಾ, ಅದರ ಪಕ್ಕೆಲುಬು ಕೂತಲ್ಲಿಂದ ಎಣಿಸಬೌದು. ಅದಕ್ಕೇನರ ಹಾಕ್ತೀರೋ ಇಲ್ಲೋ? ನಾ ಅಂತೂ ಮೊನ್ನೇನೇ ಫೋಟೋ ತೆಗೆದು ಗ್ರೂಪಿಗೆ ಹಾಕೀನಿ. ಅಂದರಿಕೀ, ಎಲ್ಲಾರಿಗೂ ತಿಳೀಲಿ."

ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ದಕ್ಷಿಣಾಮೂರ್ತಿಯವರ ಹೆಂಡತಿ ಇನ್ನೂ ಇದ್ದಾರೆಂಬುದು ಶ್ರೀಕಂಠನಿಗೆ ಹೊಳೆಯುವಷ್ಟರಲ್ಲಿ ಫೋನು ರಿಂಗಾಯಿತು. ವಿಜಯವಾಡದಿಂದ. ದಕ್ಷಿಣಾಮೂರ್ತಿ ರೈಲು ಹಿಡಿಯುವ ಅವಸರದಲ್ಲಿದ್ದರು. ಬಾಣಂ ಫೋಟೋ ನೋಡಿದೆ ಎಂದರು. ತಾವು ಭುವನೇಶ್ವರಕ್ಕೆ ಮೀಟಿಂಗಿಗೆ ಹೊರಟಿರುವುದಾಗಿಯೂ ರೈಲು ಸಂಜೆ ಐದೂವರೆಗೆ ವಿಶಾಖಪಟ್ಟಣದ ಹೊರಗಿನ ದುವ್ವಾಡದಲ್ಲಿ ಎರಡು ನಿಮಿಷ ನಿಲ್ಲುವುದಾಗಿಯೂ ಹೇಳಿದರು. "ನಾಯಿ ಕರ್ಕೊಂಡು ಬನ್ನಿ. ಅದನ್ನ ನಾನು ಕಣ್ಣಾರೆ ನೋಡಬೇಕು. ನಿಮ್ಮ ಫೈಲಿನ ವಿಷ್ಯಾನೂ ಅಲ್ಲೇ ಹೇಳ್ತೀನಿ" ಎಂದು ಇಟ್ಟುಬಿಟ್ಟರು.

ಗಿರಿಜಾ ಸಂಗತಿ ಕೇಳಿ ನಾಯಿಯನ್ನೊಮ್ಮೆ ಗಂಡನನ್ನೊಮ್ಮೆ ನೋಡಿದಳು. ಇಬ್ಬರ ಪಕ್ಕೆಲುಬೂ ಕಾಣುತ್ತಿದ್ದವು, ಆದರೆ ಕೇಳುವವರಿದ್ದದ್ದು ಒಬ್ಬರದನ್ನು ಮಾತ್ರ.

"ಸಂಜೆಯೊಳಗೆ ಅದಕ್ಕೇನಾದ್ರೂ ಒಳ್ಳೇದು ಹಾಕಿ. ಮೈ ತುಂಬದೇ ಇದ್ರೂ ಮುಖದಲ್ಲಿ ಕಳೆ ಬರಲಿ" ಎಂದಳು.

ಒಳ್ಳೆಯದು ಎಂದರೆ ಯಾವುದು? ಆ ಗಳಿಗೆಯಿಂದ ಶ್ರೀಕಂಠನ ಮನೆ ಆಸ್ಪತ್ರೆಯ ಹೊರಗಿನ ಬೆಂಚಿನಂತಾಯಿತು, ಬಂದವರೆಲ್ಲ ವೈದ್ಯರು. ಭ್ರಮರಾಂಬ ಬೇಳೆ ಅನ್ನಕ್ಕೆ ದಿನಾ ಒಂದು ಸೌಟು ತುಪ್ಪ ಸುರಿಯಲು ಹೇಳಿದರು. ಎದುರು ಮನೆಯವರು ಹತ್ತು ಮೊಟ್ಟೆ ಎಂದರು. ಯಾರೋ ನಾಯಿ ಕುಂಬಳಕಾಯಿಯಲ್ಲೇ ಬದುಕುತ್ತದೆ ಎಂದರು, ಇನ್ನು ಯಾರೋ ಕುಂಬಳಕಾಯಿ ಕೊಟ್ಟರೆ ಸಾಯುತ್ತದೆ ಎಂದರು. ಬಾಣಂ ಪ್ರತಿಯೊಬ್ಬರ ಮಾತನ್ನೂ ಕಿವಿ ನಿಮಿರಿಸಿ ಕೇಳಿ, ಯಾರ ಕೈಯಲ್ಲೂ ಏನೂ ಇಲ್ಲವೆಂದು ಕಂಡುಕೊಂಡು ಮಲಗಿತು.

ಶ್ರೀಕಂಠ ತಲೆ ಕೆಟ್ಟು ಸಹೋದ್ಯೋಗಿ ಕೃಷ್ಣಚೈತನ್ಯನಿಗೆ ಫೋನು ಮಾಡಿದ. ಆ ದಿನ ಅವನು ಮಾಡಿದ ಮುಖ್ಯ ತಪ್ಪು ಅದೇ. ಕೃಷ್ಣಚೈತನ್ಯ ಸಾಲದ ವಿಭಾಗದವನು. ಮೂರು ಕೊಟೇಶನ್ ಇಲ್ಲದೆ ಒಂದು ಸ್ಟೇಪ್ಲರನ್ನೂ ಕೊಳ್ಳಗೊಡದ ಮನುಷ್ಯ. ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದ.

"ಸಾರ್, ನಾಳೆ ದೊಡ್ಡ ಸಾಹೇಬರು ಈ ಆಹಾರವನ್ನೇ ಯಾಕೆ ಆರಿಸಿದ್ರಿ ಅಂತ ಕೇಳಿದ್ರೆ ಏನಂತೀರಿ? ಕೈಯಲ್ಲಿ ಕಾಗದ ಇರಬೇಕು" ಎಂದು ಕೂತ.

ಜನರ ಬಾಯಿಗೆ ಬಂದ ಸಲಹೆಗಳನ್ನೆಲ್ಲ ಬಿಟ್ಟು, ಒಂದು ರೂಪಾಯಿಗೆ ಎಷ್ಟು ಗ್ರಾಂ ಪ್ರೋಟೀನು ಸಿಗುತ್ತದೆ ಎಂಬುದೊಂದನ್ನೇ ನೋಡಬೇಕೆಂದು ತೀರ್ಮಾನವಾಯಿತು. ಮೊದಲನೆಯ ಕೊಟೇಶನ್ ಆ ವಿದೇಶಿ ಮೂಟೆಯದು. ಎರಡನೆಯದು ಅಗ್ಗದ ಒಂದು ಪೊಟ್ಟಣದ್ದು. ಅದರಲ್ಲಿದ್ದದ್ದು ಮುಕ್ಕಾಲು ಪಾಲು ಜೋಳದ ಹಿಟ್ಟು, ಉಳಿದದ್ದು ಬಣ್ಣ. ಬಾಣಂ ಮೂಸಿ ನೋಡಿ, ಕೆಟ್ಟ ಸುದ್ದಿ ಓದಿದವರಂತೆ ಮುಖ ತಿರುಗಿಸಿತ್ತು. ಮೂರನೆಯದಕ್ಕೆ ಅಂಗಡಿಯೇ ಸಿಗಲಿಲ್ಲ. ಇಂಥ ಹೊತ್ತಿನಲ್ಲಿ ಬ್ಯಾಂಕಿನವರು ಮಾಡುವುದನ್ನೇ ಕೃಷ್ಣಚೈತನ್ಯ ಮಾಡಿದ. ಕಾಗದ ಭರ್ತಿಯಾಗಲಿ ಎಂದು ತನ್ನ ಭಾವಮೈದುನನಿಂದ ಒಂದು ತರಿಸಿದ. ಆ ಭಾವಮೈದುನ ಸಿಗಡಿ ಕೆರೆಗಳಿಗೆ ಒಣಮೀನಿನ ಪುಡಿ ಸರಬರಾಜು ಮಾಡುವವನು.

ಲೆಕ್ಕ ಮುಗಿದಾಗ ಇಬ್ಬರೂ ಪರದೆಯನ್ನೇ ನೋಡುತ್ತ ಕೂತರು. ಪ್ರೋಟೀನಿನಲ್ಲೂ ಬೆಲೆಯಲ್ಲೂ ಒಣಮೀನಿನ ಪುಡಿಯ ಹತ್ತಿರ ಸುಳಿಯುವವರೇ ಇರಲಿಲ್ಲ.

"ಅದು ಸುಮ್ಮನೆ ಕಾಗದಕ್ಕೆ ಅಂತ ತರಿಸಿದ್ದಲ್ಲವೇನಯ್ಯಾ" ಎಂದ ಶ್ರೀಕಂಠ.

"ಎಲ್ಲಕ್ಕಿಂತ ಕಡಿಮೆ ಕೋಟ್ ಮಾಡಿದವರನ್ನ ಬಿಟ್ಟರೆ ಕಾರಣ ಬರೀಬೇಕು ಸಾರ್. ನಿಮ್ಮ ಹತ್ರ ಕಾರಣ ಇದೆಯಾ?"

ಇಪ್ಪತ್ತೆರಡು ವರ್ಷ ಸರ್ವೀಸಿನ ಶ್ರೀಕಂಠ ಕೊಟೇಶನ್ ಪಟ್ಟಿಯನ್ನು ಕಾಗದಕ್ಕಿಳಿಸಿ, ಸಹಿ ಹಾಕಿ ಜೇಬಿಗಿಟ್ಟುಕೊಂಡ. ಹನ್ನೆರಡು ಗಂಟೆಗೆ ಪುಡಿ ಮನೆ ಬಾಗಿಲಿಗೆ ಬಂತು.

ಈರುಳ್ಳಿಯನ್ನೂ ತಿಥಿ ವಾರ ನೋಡಿ ತಿನ್ನುವ ಸಸ್ಯಾಹಾರಿಗಳ ಮನೆ ಅದು. ಅಡುಗೆಗೆ ಉಳಿದದ್ದು ಒಂದೇ ಕುಕ್ಕರು. ಗಿರಿಜಾ ತನ್ನ ತಟ್ಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಭ್ರಮರಾಂಬರ ಮನೆಗೆ ಹೋಗಿ ಕೂತಳು. ಶ್ರೀಕಂಠ ಮೂಗಿಗೆ ಪಂಚೆಯ ತುದಿ ಕಟ್ಟಿಕೊಂಡು ಪುಡಿಯನ್ನು ಅಕ್ಕಿಯ ಜೊತೆ ಒಲೆಗೇರಿಸಿದ. ಕುಕ್ಕರಿನ ಮೊದಲ ಕೂಗಿಗೆ ಎರಡನೇ ಮಹಡಿಯ ಕಿಟಕಿಗಳು ಮುಚ್ಚಿದವು. ಎರಡನೆಯದಕ್ಕೆ ಮೇಲಿನ ಮನೆಯಲ್ಲಿ ಪೂಜೆ ಮಾಡಿಸುತ್ತಿದ್ದ ಪುರೋಹಿತರು ಮಂತ್ರ ನಿಲ್ಲಿಸಿ ಶುಂಠಿ ಕೇಳಿದರು. ಮೂರನೆಯದಕ್ಕೆ ಮಧುರವಾಡದ ಬೆಕ್ಕುಗಳು ಬರತೊಡಗಿದವು.

ಬೆಕ್ಕು ಎಂದರೆ ಒಂದೆರಡಲ್ಲ. ಕಾಂಪೌಂಡಿನ ಗೋಡೆಯ ಮೇಲೆ ಸಾಲಾಗಿ, ಪಿಂಚಣಿಯ ದಿನ ಬ್ಯಾಂಕಿನ ಬಾಗಿಲಲ್ಲಿ ಕೂರುವವರಷ್ಟೇ ತಾಳ್ಮೆಯಿಂದ ಅವು ಕೂತವು. ಅವುಗಳಲ್ಲೊಂದು ಸ್ವಲ್ಪ ಧೈರ್ಯ ಮಾಡಿ ಮೆಟ್ಟಿಲೇರಿ ಬಾಗಿಲಲ್ಲಿ ಇಣುಕಿತು. ಬಾಣಂ ಎದ್ದು ನಿಂತಿತು. ಮುನ್ನೂರು ವರ್ಷದಿಂದ ಬೇಟೆಗೆಂದೇ ಬೆಳೆಸಿದ ತಳಿ ಅದು. ಐದು ತಿಂಗಳ ಮಜ್ಜಿಗೆಯನ್ನ ಅದರ ರಕ್ತವನ್ನು ಸ್ವಲ್ಪವೂ ತೆಳು ಮಾಡಿರಲಿಲ್ಲ. ಶ್ರೀಕಂಠ ಕುಕ್ಕರಿನ ಮುಚ್ಚಳ ತೆಗೆದು ತಿರುಗುವಷ್ಟರಲ್ಲಿ ಬಾಗಿಲೂ ಖಾಲಿ, ಮೆಟ್ಟಿಲೂ ಖಾಲಿ, ಗೇಟಿನಾಚೆ ಹೆದ್ದಾರಿಯ ಕಡೆಗೆ ಒಂದು ಧೂಳಿನ ಗೆರೆ.

ಅವನು ಹಗ್ಗ ಎತ್ತಿಕೊಂಡು ಉಟ್ಟ ಪಂಚೆಯಲ್ಲೇ ಓಡಿದ. ಒಂದು ಕಾಲೇಜು, ಎರಡು ಹೊಸ ಅಪಾರ್ಟ್‌ಮೆಂಟು, ಒಂದು ಐಟಿ ಕಚೇರಿ ದಾಟಿದ. ಕೇಳಿದವರೆಲ್ಲ ಬಿಳಿಯದೊಂದು ಹೋದದ್ದನ್ನು ನೋಡಿದ್ದರು, ಅದು ನಾಯಿಯೆಂದು ಯಾರಿಗೂ ಖಾತ್ರಿಯಿರಲಿಲ್ಲ. ಒಂದು ಗಂಟೆಯಾಯಿತು, ಎರಡಾಯಿತು. ಬಿಸಿಲಲ್ಲಿ ಅವನ ಕಣ್ಣೆದುರು ದುವ್ವಾಡದ ಪ್ಲಾಟ್‌ಫಾರಂ ಬಂತು, ಅಲ್ಲಿ ಕೈಯಲ್ಲಿ ಬರೀ ಹಗ್ಗ ಹಿಡಿದು ನಿಂತ ತಾನು ಬಂದ. ನಂಜನಗೂಡು ಇರಲಿ, ತನ್ನನ್ನು ಇನ್ನು ಶ್ರೀಕಾಕುಳದ ಆಚೆ ಎಲ್ಲಿಗೋ ಎಸೆಯುತ್ತಾರೆ ಎಂದುಕೊಂಡ. ಅಳು ಬಂತು. ಅಳಲು ಉಸಿರಿರಲಿಲ್ಲ.

ಎರಡೂವರೆಗೆ ರಸ್ತೆ ಬದಿಯ ಒಂದು ತಳ್ಳುಗಾಡಿ ಹೋಟೆಲಿನ ಹಿಂದೆ ಬಾಣಂ ಕಂಡಿತು. ಬೆಕ್ಕು ಎಲ್ಲಿ ತಪ್ಪಿಸಿಕೊಂಡಿತೋ, ನಾಯಿ ಒಂದು ಅಲ್ಯೂಮಿನಿಯಂ ಬೋಗುಣಿಯಲ್ಲಿ ತಲೆಯಿಟ್ಟಿತ್ತು. ಪಕ್ಕದಲ್ಲಿ ಇನ್ನೆರಡು ನಾಯಿಗಳು ತಮ್ಮ ತಮ್ಮ ಬೋಗುಣಿಯಲ್ಲಿ. ಗಾಡಿಯ ಒಡತಿ ದುರ್ಗಾಂಬ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಐದು ತಿಂಗಳಲ್ಲಿ ಬಾಣಂ ಕಣ್ಣು ಮುಚ್ಚಿಕೊಂಡು ತಿನ್ನುವುದನ್ನು ಶ್ರೀಕಂಠ ನೋಡಿದ್ದು ಅದೇ ಮೊದಲು.

ಅವನು ಏದುಸಿರು ಬಿಡುತ್ತ ಅದರಲ್ಲೇನಿದೆ ಎಂದು ಕೇಳಿದ. ದುರ್ಗಾಂಬ ತೆಲುಗಿನಲ್ಲಿ ನಿಧಾನವಾಗಿ ಹೇಳಿದಳು. ರಾಗಿ ಗಂಜಿ, ಕೋಳಿ ಅಂಗಡಿಯವರು ಕಡಿಮೆಗೆ ಕೊಡುವ ಕತ್ತು ಮತ್ತು ಲಿವರು ಚೆನ್ನಾಗಿ ಬೇಯಿಸಿ ಎಲುಬು ಬಿಡಿಸಿದ್ದು, ಒಂದು ಹೋಳು ಕುಂಬಳ, ದಿನ ಬಿಟ್ಟು ದಿನ ಒಂದು ಮೊಟ್ಟೆ. ಉಪ್ಪಿಲ್ಲ, ಈರುಳ್ಳಿಯಂತೂ ಇಲ್ಲವೇ ಇಲ್ಲ. ದಿನಕ್ಕೆ ಎರಡು ಹೊತ್ತು. ಓಡಿ ಬಂದ ಕೂಡಲೇ ಹಾಕಬಾರದು, ಒಂದು ಗಂಟೆ ಬಿಡಬೇಕು. ಖರ್ಚು ಎರಡು ಪ್ಲೇಟು ಇಡ್ಲಿಯಷ್ಟು.

"ಮತ್ತೆ ಈ ಪಕ್ಕೆಲುಬು?" ಎಂದ ಶ್ರೀಕಂಠ.

"ಪಕ್ಕೆ ಯಾಕೆ ನೋಡ್ತೀಯ ಬಾಬು, ತೊಡೆ ನೋಡು" ಎಂದಳು ದುರ್ಗಾಂಬ. "ಓಡೋ ನಾಯಿ. ಇದಕ್ಕೆ ಪಕ್ಕೆ ಕಾಣದೇ ಹೋದ್ರೆ ಆಗ ಹೆದರ್ಕೋ."

ಶ್ರೀಕಂಠ ನೋಡಿದ. ತೊಡೆ ಹುರಿಗೊಳಿಸಿದ ಹಗ್ಗದಂತಿತ್ತು. ನಾಯಿಗೆ ಏನೂ ಆಗಿರಲಿಲ್ಲ. ಅಂಗಿಯ ಜೇಬಿನಲ್ಲಿ ಮಡಚಿಟ್ಟಿದ್ದ ಕೊಟೇಶನ್ ಪಟ್ಟಿಯನ್ನು ತೆಗೆದು, ಅದರ ಬೆನ್ನಿಗೆ ದುರ್ಗಾಂಬ ಹೇಳಿದ್ದನ್ನೆಲ್ಲ ಬರೆದುಕೊಂಡ. ಅವಳು ಕೊಟ್ಟ ನೀರು ಕುಡಿದ. ನಾಲ್ಕು ವರ್ಷದಲ್ಲಿ ಆಂಧ್ರ ಅವನಿಗೆ ಅಷ್ಟು ಚೆನ್ನಾಗಿ ಕಂಡಿರಲಿಲ್ಲ.

ಆಟೋದಲ್ಲಿ ಬಾಣಂ ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿತು. ಹೇಳಬೇಕಾದ ಮಾತನ್ನು ಅವನು ದಾರಿಯುದ್ದಕ್ಕೂ ಬಾಯಲ್ಲೇ ಉರು ಹೊಡೆದ. ಐದೂಕಾಲಿಗೆ ದುವ್ವಾಡ ಸ್ಟೇಷನ್. ಐದೂವರೆಗೆ ಸರಿಯಾಗಿ ರೈಲು ಬಂತು. ಎ.ಸಿ. ಡಬ್ಬಿಯ ಬಾಗಿಲಲ್ಲಿ ದಕ್ಷಿಣಾಮೂರ್ತಿ ನಿಂತಿದ್ದರು. ಇಳಿಯಲಿಲ್ಲ. ಬಾಗಿಲಲ್ಲೇ ಕೂತು ಬಾಣಂನ ಬೆನ್ನು ಸವರಿದರು, ತೊಡೆ ಒತ್ತಿದರು, ತುಟಿಯೆತ್ತಿ ಹಲ್ಲು ನೋಡಿದರು. ಆಮೇಲೆ ಪಕ್ಕೆಯ ಮೇಲೆ ಬೆರಳಾಡಿಸುತ್ತ ಒಂದು, ಎರಡು, ಮೂರು ಎಂದು ಎಣಿಸಿದರು.

ಶ್ರೀಕಂಠ ಕಾಗದ ಬಿಚ್ಚಿದ. "ಸರ್, ಪಕ್ಕೆ ಬಗ್ಗೆ ಒಂದು ಮಾತು..."

"ಅಯ್ಯೋ, ಅದೇ ಅಲ್ವೇನ್ರೀ ಚೆಂದ" ಎಂದರು ದಕ್ಷಿಣಾಮೂರ್ತಿ. ಅವರ ಕಣ್ಣು ಒದ್ದೆಯಾಗಿತ್ತು. "ನನ್ನ ಹತ್ರ ಇದ್ದಾಗ ಇದು ದಿಂಬಿನ ಥರ ಇತ್ತು. ನಮ್ಮ ಮನೆಯವರು ಫೋಟೋ ತೋರಿಸಿದ ಕೂಡಲೇ ನಮ್ಮ ಜನರಲ್ ಮ್ಯಾನೇಜರಿಗೆ ಕಳಿಸಿದೆ. ಅವರೂ ಬೆರಗಾಗಿಬಿಟ್ರು. ಯಾರು ನೋಡ್ಕೊಳ್ತಿರೋದು ಅಂತ ಕೇಳಿದ್ರು. ನಿಮ್ಮ ಹೆಸರು ಹೇಳಿದೆ."

ಶ್ರೀಕಂಠನಿಗೆ ರೈಲು, ಪ್ಲಾಟ್‌ಫಾರಂ, ಚಹಾ ಮಾರುವವರು ಎಲ್ಲ ಒಮ್ಮೆಗೇ ಹಗುರಾಗಿ ತೇಲಿದಂತಾಯಿತು. "ಸರ್, ಹಾಗಾದ್ರೆ ನನ್ನ ಫೈಲು..."

"ಅದನ್ನ ಅವರೇ ಖುದ್ದು ತರಿಸಿಕೊಂಡು ನೋಡಿದ್ರು." ದಕ್ಷಿಣಾಮೂರ್ತಿ ಡಬ್ಬಿಯೊಳಕ್ಕೆ ಬಾಗಿ ಮುಚ್ಚಳವಿದ್ದ ಬಿದಿರಿನ ಬುಟ್ಟಿಯೊಂದನ್ನು ಎತ್ತಿ ಅವನ ತೋಳಿಗಿಟ್ಟರು. "ಇಂಥ ಮನುಷ್ಯನನ್ನ ಯಾರಾದ್ರೂ ಆಂಧ್ರದಿಂದ ಬಿಡ್ತಾರಾ ಅಂತ ನನಗೇ ಬೈದ್ರು. ಪಟ್ಟಿಯಿಂದ ನಿಮ್ಮ ಹೆಸರು ತೆಗೆಸಿ ಎರಡು ವರ್ಷ ಎಕ್ಸ್‌ಟೆನ್ಶನ್ ಬರೆದಿದಾರೆ. ನನ್ನ ಸರ್ವೀಸಿನಲ್ಲಿ ಅವರು ಒಬ್ಬ ಆಫೀಸರನ್ನ ಹೀಗೆ ಹೊಗಳಿದ್ದು ನಾ ನೋಡಿಲ್ಲ. ಇದು ಅವರದು. ಮನೇಲಿ ಏನು ಕೊಟ್ರೂ ತಿಂತಿಲ್ವಂತೆ. ಬಾಣಂಗಿಂತ ಚುರುಕು."

ಬುಟ್ಟಿಯೊಳಗೆ ಏನೋ ಮುಚ್ಚಳಕ್ಕೆ ಗುದ್ದುತ್ತಿತ್ತು. ರೈಲು ಕೂಗಿತು. ದಕ್ಷಿಣಾಮೂರ್ತಿ ಕೈ ಬೀಸುತ್ತ ಚಿಕ್ಕದಾಗುತ್ತ ಹೋದರು. ಶ್ರೀಕಂಠ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ತೋಳಿನಲ್ಲಿ ಬುಟ್ಟಿ ಹಿಡಿದು, ರೈಲಿನ ಕೊನೆಯ ಡಬ್ಬಿ ಕಾಣದಾದ ಮೇಲೂ ಆ ಕಡೆಗೇ ನೋಡುತ್ತ ನಿಂತ.

ಜೇಬಿನಲ್ಲಿ ಫೋನು ರಿಂಗಾಯಿತು. ಗಿರಿಜಾ. ಗಲ್ಲಕ್ಕೂ ಭುಜಕ್ಕೂ ನಡುವೆ ಅದನ್ನು ಸಿಕ್ಕಿಸಿಕೊಂಡ.

"ಏನಂದ್ರು? ಆರ್ಡರ್ ಆಯ್ತಂತಾ? ಎಲ್ಲಿಗೆ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಬುಟ್ಟಿಯಿಂದ ಸಣ್ಣದಾಗಿ, ಆದರೆ ಬಹಳ ಚುರುಕಾಗಿ, ಒಂದು ಬೊಗಳು ಕೇಳಿಸಿತು.

ಫೋನಿನ ಆ ತುದಿಯಲ್ಲಿ ಪೆಟ್ಟಿಗೆ ಬಿಚ್ಚಿ ಇನ್ನೊಂದು ತಟ್ಟೆ ತೆಗೆದ ಸದ್ದಾಯಿತು. ಆಮೇಲೆ ಗಿರಿಜಾ ಮೆಲ್ಲಗೆ ಕೇಳಿದಳು:

"ಎಷ್ಟು ತಿಂಗಳದ್ದು?"