ಮೂರು ತಪ್ಪು, ಒಂದು ಮೊಳೆ

2004ರ ಏಪ್ರಿಲ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಒಂದೂಕಾಲಕ್ಕೆ ಶಿವಪ್ರಕಾಶ ತಾರೀಖು ನೋಡಲೆಂದು ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಇಳಿಸಿದ. ತಾರೀಖು ಸರಿಯಾಗಿಯೇ ಇತ್ತು. ಆದರೆ ಕ್ಯಾಲೆಂಡರಿನ ಹಿಂದೆ ಒಂದು ಮೊಳೆ ಇತ್ತು.

ಬೇರೆಯವರ ಮನೆಯಲ್ಲಿ ಇದು ಸುದ್ದಿಯೇ ಅಲ್ಲ. ಆದರೆ ಮರಾಠಿ ಸೀಮೆಯ ಹಡಪಸರದ ಬಾಳಕೃಷ್ಣರಾಯರ ಕಟ್ಟಡದಲ್ಲಿ ಬಾಡಿಗೆಗಿದ್ದವರಿಗೆ ಮೊಳೆ ಎಂದರೆ ಎದೆ ಧಸಕ್ಕೆನ್ನುತ್ತಿತ್ತು. ರಾಯರು ಮೂಲತಃ ನಿಪ್ಪಾಣಿಯ ಕಡೆಯವರು. ಬಾಡಿಗೆಯವರೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಜಿನೆಯ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಮರಾಠಿಯಲ್ಲಿ ಬರೆದು ಅಂಟಿಸುತ್ತಿದ್ದರು. ಮೊದಲ ಫಲಕ: 'ಗೋಡೆಗೆ ಮೊಳೆ ಹೊಡೆಯಬೇಕೆನ್ನುವವರು ಮೊದಲು ಬೇರೆ ಮನೆ ನೋಡಿಕೊಳ್ಳಬೇಕು.' ಎರಡನೆಯದು: 'ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲ ಗಂಟೆ ಬಾರಿಸಬಾರದು. ಬೆಂಕಿ ಬಿದ್ದಿದ್ದರೆ ನಾಲ್ಕರ ನಂತರ ತಿಳಿಸುವುದು.' ಹಿಂದಿನ ಬಾಡಿಗೆಯವರು ಮೂರು ಮೊಳೆ ಹೊಡೆದು ಮನೆ ಕಳೆದುಕೊಂಡಿದ್ದರು.

ಅವತ್ತೇ ಶಿವಪ್ರಕಾಶನ ಹನ್ನೊಂದು ತಿಂಗಳ ಕರಾರು ಮುಗಿಯುತ್ತಿತ್ತು. ಸಂಜೆ ನಾಲ್ಕೂವರೆಗೆ ರಾಯರು ಮೇಲೆ ಬಂದು, ಮನೆ ನೋಡಿ, ಮುಂದಿನ ಹನ್ನೊಂದು ತಿಂಗಳಿಗೆ ಸಹಿ ಹಾಕುವವರಿದ್ದರು. ಆರು ವರ್ಷದಲ್ಲಿ ಇದು ಅವನ ಐದನೆಯ ಮನೆ. ಇಲ್ಲಿಂದ ಅವನ ಫ್ಯಾಕ್ಟರಿಗೆ ನಡೆದು ಹೋಗಬಹುದು, ನಳದಲ್ಲಿ ದಿನಕ್ಕೆ ಎರಡು ಹೊತ್ತು ನೀರು. ಹೆಂಡತಿ ಗೌರಾಬಾಯಿ ಈ ಮನೆಗೆ ಬಂದ ದಿನವೇ ಹೇಳಿದ್ದಳು: "ಇನ್ನೊಮ್ಮೆ ಸಾಮಾನ ಕಟ್ಟೂ ಪಾಳಿ ಬಂದ್ರ ನನ್ನ ಟ್ರಂಕ್ ಬ್ಯಾರೆ ಲಾರಿಗೆ ಹಾಕ್ರಿ. ಅದು ವಿಜಾಪುರಕ್ಕ, ನಮ್ಮ ತವರಮನಿಗೆ ಹೋಗ್ತದ." ಗೌರಾಬಾಯಿ ತಮಾಷೆ ಮಾಡುವ ಹೆಂಗಸಲ್ಲ.

ಹನ್ನೊಂದು ತಿಂಗಳಿಂದ ಅಲ್ಲಿ ಕ್ಯಾಲೆಂಡರ್ ಯಾವ ಆಧಾರದ ಮೇಲೆ ನಿಲ್ಲುತ್ತಿದೆ ಎಂದು ಶಿವಪ್ರಕಾಶ ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಯೋಚಿಸಿದ. ಗೌರಾಬಾಯಿಯೇ ಕದ್ದು ಹೊಡೆದಿದ್ದಾಳೆ ಎಂದು ಅರ್ಧ ನಿಮಿಷದಲ್ಲಿ ತೀರ್ಮಾನಕ್ಕೂ ಬಂದ. ಅವನು ಡಿಸ್ಪ್ಯಾಚ್ ವಿಭಾಗದ ಗುಮಾಸ್ತ. ತಡ ಮಾಡುವ ಅಭ್ಯಾಸ ಇರಲಿಲ್ಲ.

ಇಲ್ಲಿ ಬೆಳಗಿನ ಸಂಗತಿಯನ್ನು ಹೇಳಬೇಕು. ಹತ್ತು ಗಂಟೆಗೆ ಕೇಬಲ್ಲಿನಲ್ಲಿ ಹಿಂದಿ ಮಾತು ತುಂಬಿದ ಇಂಗ್ಲಿಷ್ ಪಿಕ್ಚರ್ ಬಂದಿತ್ತು. ಹೆಗಲಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಆಕಾಶದಲ್ಲಿ ಹಾರುವ ಹೀರೊ, ಊರು ಸುಡಲು ಹೊರಟ ಖಳ. ಮೇಲಿನ ಮನೆಯ ಮೋಹನದಾಸ್ ಕೂಡ ನೋಡಲು ಬಂದಿದ್ದ. ಅವನಿಗೆ ಊರೊಳಗಿನ ಕ್ಯಾಂಪ್ ಬಡಾವಣೆಯಲ್ಲಿ ಉಡುಪಿ ಹೋಟೆಲು ಇತ್ತು. ಭಾನುವಾರ ಬೆಳಿಗ್ಗೆ ಗಲ್ಲೆಯನ್ನು ತಮ್ಮನಿಗೆ ಬಿಟ್ಟು ಮಧ್ಯಾಹ್ನದ ಮೇಲೆ ಹೋಗುತ್ತಿದ್ದ.

"ಇವಗ ಬಸ್ ಎತ್ತೂ ಶಕ್ತಿ ಅದ, ಒಂದು ಮಾತು ಹೇಳೂ ಬುದ್ಧಿ ಇಲ್ಲ," ಎಂದು ಶಿವಪ್ರಕಾಶ ಬೆರಳು ಮಡಚಿ ಎಣಿಸಿದ್ದ. "ಮೂರು ತಪ್ಪು ನೋಡ್ರಿ ಮೋಹನದಾಸ್. ಒಂದು, ಮನಸಿನಾಕಿಗೆ ಖರೆ ಹೇಳೂದಿಲ್ಲ, ಅಕಿ ಚಿಂತಿ ಮಾಡ್ತಾಳಂತ. ಎರಡು, ಊರ ತುಂಬ ಪೊಲೀಸರು ಇದ್ರೂ ಯಾರನೂ ಕರಿಯೂದಿಲ್ಲ, ತಾ ಒಬ್ಬನ ಹೋಗ್ತಾನ. ಮೂರು, ಕಳ್ಳ ಕೈಯಾಗ ಸಿಕ್ಕಾಗ ಕೆಲಸ ಮುಗಸೂದು ಬಿಟ್ಟು ಭಾಷಣ ಮಾಡ್ತಾನ. ಅಷ್ಟ್ರಾಗ ಅವಾ ಗುಂಡಿ ಒತ್ತಿರ್ತಾನ."

"ಹೀರೊಗೆ ಬುದ್ಧಿ ಇದ್ದರೆ ಪಿಕ್ಚರ್ ಹತ್ತೇ ನಿಮಿಷ ಮಾರಾಯ್ರೆ," ಎಂದ ಮೋಹನದಾಸ್. "ಮತ್ತೆ ಎರಡು ಗಂಟೆ ಎಂತ ತೋರಿಸುವುದು?"

ಅಡಿಗೆಮನೆಯಿಂದ ಗೌರಾಬಾಯಿ ಕೇಳಿದ್ದಳು. "ಅವನ ಜಾಗಾದಾಗ ನೀವು ಇದ್ದಿದ್ರ ಏನು ಮಾಡ್ತಿದ್ರಿ?"

"ಮೊದಲ ನಿನಗ ಹೇಳ್ತಿದ್ನಿ," ಎಂದಿದ್ದ ಶಿವಪ್ರಕಾಶ.

ಇದು ಬೆಳಗಿನ ಮಾತು. ಈಗ ಗೌರಾಬಾಯಿ ಊಟ ಮುಗಿಸಿ ಒಳಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಎಬ್ಬಿಸಿ, ಈ ಮೊಳೆ ಯಾರದು ಎಂದು ಕೇಳಬಹುದಿತ್ತು. ಶಿವಪ್ರಕಾಶ ಬಾಗಿಲವರೆಗೆ ಹೋಗಿ ನಿಂತ. ಪಾಪ, ಎಬ್ಬಿಸಿದರೆ ಚಿಂತೆ ಮಾಡುತ್ತಾಳೆ ಎನ್ನಿಸಿತು. ಹಾಗೇ ತಿರುಗಿ ಬಂದ.

ಮೋಹನದಾಸನ ಮನೆಯಲ್ಲಿ ಮೊಳೆ ಕೀಳುವ ಒಳ್ಳೆಯ ಪಕ್ಕಡ ಇತ್ತು, ಸುತ್ತಿಗೆ ಇತ್ತು, ಅವುಗಳನ್ನು ಹಿಡಿದು ಗೊತ್ತಿದ್ದ ಮೋಹನದಾಸನೂ ಇದ್ದ. ಕರೆಯಬಹುದಿತ್ತು. ಆದರೆ ಮನೆಯ ಗುಟ್ಟನ್ನು ಮಹಡಿಗೆ ಹತ್ತಿಸುವುದೇಕೆ ಎಂದುಕೊಂಡು ಶಿವಪ್ರಕಾಶ ಅಡಿಗೆಮನೆಯಿಂದ ಇಕ್ಕಳ ತಂದ. ಸುಣ್ಣದ ಧೂಳು ಬೀಳಬಾರದೆಂದು ಕೆಂಪು ಟವೆಲನ್ನು ಕುತ್ತಿಗೆಗೆ ಗಂಟು ಹಾಕಿ ಬೆನ್ನ ಮೇಲೆ ಬಿಟ್ಟುಕೊಂಡ, ಸ್ಟೂಲು ಹತ್ತಿದ.

ಮೊಳೆ ಸಾಮಾನ್ಯದ್ದಲ್ಲ. ಕಮ್ಮಾರನ ಕುಲುಮೆಯಲ್ಲಿ ಬಡಿದ, ಚಪ್ಪಟೆ ತಲೆಯ, ಹಳೆಯ ಕಾಲದ್ದು. ಇಂಥದ್ದನ್ನು ಗೌರಾಬಾಯಿ ಎಲ್ಲಿಂದ ತಂದಳಪ್ಪ ಎಂದು ಅವನಿಗೆ ಒಂದು ಕ್ಷಣ ಆಶ್ಚರ್ಯವಾಯಿತು. ಆ ಆಶ್ಚರ್ಯದ ಹತ್ತಿರ ಇನ್ನೊಂದು ನಿಮಿಷ ನಿಂತಿದ್ದರೆ ಒಳ್ಳೆಯದಿತ್ತು. ಅವನು ನಿಲ್ಲಲಿಲ್ಲ. ಎಳೆದ, ತಿರುಗಿಸಿದ, ಮತ್ತೆ ಎಳೆದ. ಮುಕ್ಕಾಲು ಗಂಟೆಯ ಮೇಲೆ ಮೊಳೆ ಒಮ್ಮೆಲೇ ಕಿತ್ತು ಬಂತು. ಅದರ ಜೊತೆ ಅಂಗೈಯಗಲ ಗೋಡೆಯ ಗಿಲಾವು ಬಂತು, ಶಿವಪ್ರಕಾಶನೂ ಬಂದ, ಕೆಳಗಿದ್ದ ಚುರಮರಿ ಡಬ್ಬಿಯ ಮೇಲೆ ಬಿದ್ದ.

ಕೆಳಗಿನ ಮನೆಯಿಂದ ಛತ್ತಿಗೆ ಕೋಲಿನ ಒಂದು ಕುಟ್ಟು ಕೇಳಿಸಿತು. ಕೆಳಗೆ ರಾಯರು ಮಲಗಿದ್ದರು. ಒಂದು ಕುಟ್ಟು ಎಂದರೆ ಎಚ್ಚರಿಕೆ, ಎರಡು ಕುಟ್ಟು ಎಂದರೆ ನೋಟೀಸು ಎಂಬುದು ಕಟ್ಟಡದಲ್ಲಿ ಎಲ್ಲರಿಗೂ ತಿಳಿದಿತ್ತು. ಶಿವಪ್ರಕಾಶ ಬಿದ್ದಲ್ಲೇ ಉಸಿರು ಬಿಗಿ ಹಿಡಿದು ಎಣಿಸಿದ. ಎರಡನೆಯದು ಬರಲಿಲ್ಲ. ಗೌರಾಬಾಯಿ ಮಗ್ಗುಲು ಬದಲಿಸಿದಳು, ಅಷ್ಟೆ.

ಮೊಳೆಯ ತೂತಿಗೆ ಟೂತ್‌ಪೇಸ್ಟ್ ತುಂಬುವುದು ಬಾಡಿಗೆಯವರ ಕುಲವಿದ್ಯೆ. ಆದರೆ ಇದು ತೂತಲ್ಲ, ಗೂಡು. ಮನೆಯಲ್ಲಿದ್ದ ಲವಂಗದ ಪೇಸ್ಟಿನ ಇಡೀ ಟ್ಯೂಬು ಅದರೊಳಗೆ ಹೋಯಿತು. ಗೋಡೆ ಹಸಿರು, ಪೇಸ್ಟು ಬಿಳಿ. ಶಿವಪ್ರಕಾಶ ಬಟ್ಟೆಗೆ ಹಾಕುವ ನೀಲಿ ತಂದ, ಅರಿಷಿಣ ತಂದ, ಎರಡನ್ನೂ ಕಲಸಿ ಬಳಿದ. ಬಂದ ಬಣ್ಣ ಹಸಿರೇ. ಆದರೆ ಆ ಗೋಡೆಯದ್ದಲ್ಲ.

ಆಗ ಬಾಗಿಲಿಗೆ ಯಾರೋ ಬೆರಳಿನ ಉಗುರಿನಿಂದ ಕೆರೆದ ಸದ್ದಾಯಿತು. ಒಂದರಿಂದ ನಾಲ್ಕರ ನಡುವೆ ಆ ಕಟ್ಟಡದಲ್ಲಿ ಬಾಗಿಲು ತಟ್ಟುವ ರೀತಿಯೇ ಅದು. ಹೋಟೆಲಿಗೆ ಹೊರಟ ಮೋಹನದಾಸ್ ನಿಂತಿದ್ದ. ಕೆಂಪು ಟವೆಲ್ಲು, ಬಿಳಿ ಮುಖ, ಹಸಿರು ಬೆರಳು ನೋಡಿ, "ಎಂತ ಮಾರಾಯ್ರೆ, ನೀವೂ ಹಾರಲಿಕ್ಕೆ ಹೊರಟದ್ದಾ?" ಎಂದು ಪಿಸುಗುಟ್ಟಿದ.

"ಏನಿಲ್ಲ, ಜಾಡಾ ಹೊಡಿಯಾಕತ್ತಿದ್ನಿ."

"ಒಂದು ದೊಡ್ಡ ಮೊಳೆ ಉಂಟಾ ನಿಮ್ಮಲ್ಲಿ? ಹೋಟೆಲಿನಲ್ಲಿ ಗಣಪತಿಯ ಹೊಸ ಫೋಟೊ ಹಾಕಬೇಕು. ಭಾರ ಉಂಟು, ಸಣ್ಣ ಮೊಳೆ ಬಾಗ್ತದೆ. ಅಂಗಡಿಗಳೆಲ್ಲ ನಾಲ್ಕರವರೆಗೆ ಬಂದ್."

ಸಾಕ್ಷಿಯನ್ನು ಎಲ್ಲಿ ಮುಚ್ಚಿಡಬೇಕೆಂದು ಶಿವಪ್ರಕಾಶ ಅದೇ ಹೊತ್ತಿಗೆ ಚಿಂತಿಸುತ್ತಿದ್ದ. ದೇವರೇ ಕೇಳಿ ಕಳಿಸಿದಂತಾಯಿತು. ಮೊಳೆಯನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ. "ಊರಿಂದ ತಂದಿದ್ದು," ಎಂದ. ಮೋಹನದಾಸ್ ಅದನ್ನು ಕೈಯಲ್ಲಿ ತೂಗಿ ನೋಡಿ, ಭಾರೀ ಲಾಯ್ಕ್ ಉಂಟು ಎಂದು ಹೊಗಳಿ ಹೋದ.

ನಾಲ್ಕೂವರೆಗೆ ಇನ್ನು ಐದು ನಿಮಿಷ ಇದ್ದಾಗ ಗೌರಾಬಾಯಿ ಎದ್ದು ಬಂದಳು. ಗೋಡೆ ನೋಡಿದಳು. "ಇಲ್ಲಿ ಕ್ಯಾಲೆಂಡರ್ ಇತ್ತಲ್ರಿ?"

"ತಗದ್ನಿ. ಹಳೇದಾಗಿತ್ತು."

"ಏಪ್ರಿಲ್‌ನ್ಯಾಗ?" ಅವಳು ಗೋಡೆಯ ಹತ್ತಿರ ಹೋದಳು. "ಅಲ್ರಿ, ಇಲ್ಲಿದ್ದ ಮೊಳಿ..."

"ಎಲ್ಲಾ ನಾ ನೋಡ್ಕೊಂಡೀನಿ. ನೀ ಚಿಂತಿ ಮಾಡಬ್ಯಾಡ," ಎಂದು ಶಿವಪ್ರಕಾಶ ಕೈ ಎತ್ತಿ ತಡೆದ. "ರಾಯರ ಮುಂದ ಇದರ ಸುದ್ದಿ ತಗೀಬ್ಯಾಡ. ಹೋಗಿ ಚಹಾ ಇಡು."

ಗೌರಾಬಾಯಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು.

ರಾಯರು ದಪ್ಪ ಕನ್ನಡಕ, ಕರಿ ಟೋಪಿ, ಎಂಟು ಪುಟಗಳ ಕರಾರಿನೊಂದಿಗೆ ಬಂದಿದ್ದರು. ಅದು ಮರಾಠಿಯಲ್ಲಿತ್ತು. ಕಳೆದ ಸಲ ಶಿವಪ್ರಕಾಶ ಮೊದಲ ಪುಟ ಓದಿ, ಉಳಿದದ್ದರ ಮೇಲೆ ಭರವಸೆಯಿಟ್ಟು ಸಹಿ ಹಾಕಿದ್ದ. ರಾಯರು ಪಂಖ ಹಚ್ಚಿ ನೋಡಿದರು, ನಳ ತಿರುವಿ ನೋಡಿದರು, ಬಂದು ಕುರ್ಚಿಯಲ್ಲಿ ಕೂತು ಮೂಗು ಅರಳಿಸಿದರು.

"ಲವಂಗದ ವಾಸನಿ ಬರ್ತದಲ್ಲ."

"ಚಹಾದಾಗ ಹಾಕ್ಯಾಳ್ರಿ," ಎಂದ ಶಿವಪ್ರಕಾಶ. ಅಷ್ಟರಲ್ಲಿ ಅವನ ಕಣ್ಣು ಗೋಡೆಯ ಮೇಲೆ ಹೋಯಿತು. ಪೇಸ್ಟಿನ ಸಿಹಿಗೆ ಇರುವೆಗಳು ನೆಲದಿಂದ ಸಾಲು ಕಟ್ಟಿ, ದಿಂಡಿಯಾತ್ರೆಗೆ ಹೊರಟ ವಾರಕರಿ ಭಕ್ತರ ಹಾಗೆ ಶಿಸ್ತಿನಿಂದ ಆ ಹಸಿರು ಮಚ್ಚೆಯ ಕಡೆ ಏರುತ್ತಿದ್ದವು. ಅವನು ಸರಿದು ಗೋಡೆಗೆ ಬೆನ್ನು ಕೊಟ್ಟು ನಿಂತ. ಇರುವೆಗಳು ದಾರಿ ಬದಲಿಸಿ ಅವನ ಅಂಗಿಯೊಳಗಿಂದ ಹೋದವು.

ರಾಯರಿಗೆ ಏನೂ ಕಾಣಲಿಲ್ಲ. ಚಹಾ ಕುಡಿದರು, ಪೆನ್ನಿನ ಮುಚ್ಚಳ ತೆಗೆದರು, ಕೊನೆಯ ಪುಟ ತೆರೆದರು. ಇನ್ನು ಅರ್ಧ ನಿಮಿಷ ಸುಮ್ಮನಿದ್ದರೆ ಹನ್ನೊಂದು ತಿಂಗಳು ಕೈಗೆ ಬರುತ್ತಿತ್ತು. ಆದರೆ ಗೆದ್ದವನಿಗೆ ಬಾಯಿ ಕಟ್ಟಿಕೊಳ್ಳುವುದು ಕಷ್ಟ.

"ರಾಯರ, ನಾನಾಗಿ ಹೇಳಬಾರ್ದು," ಎಂದ ಶಿವಪ್ರಕಾಶ. "ನಿಮ್ಮ ಮನೀನ ಕಣ್ಣಿನ್ಹಂಗ ಕಾಯ್ದೀವಿ. ಇಡೀ ಮನಿ ಹುಡುಕ್ರಿ, ಗ್ವಾಡಿಮ್ಯಾಲ ಒಂದ ಒಂದು ಮೊಳಿ ಸಿಗೂದಿಲ್ಲ."

ಪೆನ್ನು ನಿಂತಿತು. "ಒಂದೂ ಇಲ್ಲ?"

"ಒಂದೂ ಇಲ್ರಿ."

"ಒಂದು ಇರಬೇಕಲ್ಲ," ಎಂದರು ರಾಯರು.

ಅವರು ಐದನೆಯ ಪುಟ ತಿರುವಿ ಬೆರಳಿಟ್ಟು ಕನ್ನಡದಲ್ಲಿ ಹೇಳಿದರು. ಏಳನೆಯ ಕಲಮು: ಪಂಖ ಎರಡು, ಟ್ಯೂಬ್‌ಲೈಟ್ ಮೂರು, ನಳ ನಾಲ್ಕು, ಮೊಳೆ ಒಂದು. ಹೊಸದು ಹೊಡೆಯಬಾರದು, ಇದ್ದದ್ದು ಕೀಳಬಾರದು. ಮನೆ ಕಟ್ಟಿದಾಗ ಇನ್ನೂ ಕರೆಂಟು ಬಂದಿರಲಿಲ್ಲ. ಕಂದೀಲು ತೂಗು ಹಾಕಲು ರಾಯರ ತಾಯಿ ತಮ್ಮ ಕೈಯಾರೆ ಹೊಡೆದ ಮೊಳೆ ಅದು.

"ಅದನ್ನ ಹೇಳಾಕ ಬಂದಿದ್ನಿ," ಎಂದಳು ಗೌರಾಬಾಯಿ, ಗಂಡನ ಕಡೆ ನೋಡದೆ. "ನಾವು ಬಂದ ದಿನನ ರಾಯರು ತೋರಿಸಿ, ಕ್ಯಾಲೆಂಡರ್ ಇದಕ್ಕ ಹಾಕವ್ವಾ ಅಂದಿದ್ರು."

ರಾಯರು ಸಿಟ್ಟು ಮಾಡಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದರು. "ನಾ ಇಲ್ಲೇ ಕೂಡ್ತೀನಿ. ಮೊಳಿ ತಗೊಂಡು ಬರ್ರಿ."

ಕುತ್ತಿಗೆಯ ಟವೆಲ್ಲು ಬಿಚ್ಚುವುದನ್ನೂ ಮರೆತು ಶಿವಪ್ರಕಾಶ ಸ್ಕೂಟರ್ ಒದ್ದು ಕ್ಯಾಂಪಿಗೆ ಹೋದ. ದಾರಿಯಲ್ಲಿ ಏಳು ಸುಳ್ಳು ಹೊಂದಿಸಿದ, ಒಂದೂ ಗಟ್ಟಿಯಾಗಲಿಲ್ಲ. ಹೋಟೆಲಿನಲ್ಲಿ ಗಣಪತಿಗೆ ಆಗಲೇ ಹಾರ ಬಿದ್ದು ಊದಿನಕಡ್ಡಿ ಉರಿಯುತ್ತಿತ್ತು. ಸುಳ್ಳು ಉಳಿಯದ ಕಾರಣ ಅವನು ಖರೇ ಹೇಳಿದ. "ಅದು ರಾಯರ ಅವ್ವನ ಮೊಳಿ. ತಿಳೀದ ಕಿತ್ತೀನಿ. ವಾಪಸ್ ಕೊಡ್ರಿ."

ಮೋಹನದಾಸ್ ಗಣಪತಿಗೆ ಕೈ ಮುಗಿದು ಕುರ್ಚಿ ಹತ್ತಿದ, ಫೋಟೊ ಇಳಿಸಿದ, ಮೊಳೆ ಕಿತ್ತು ಕೊಟ್ಟ. ಎರಡು ನಿಮಿಷದ ಕೆಲಸ. "ಇಷ್ಟೇ ಅಲ್ವಾ? ಮಧ್ಯಾಹ್ನವೇ ಹೇಳಿದ್ದರೆ ಆಗ್ತಿತ್ತು," ಎಂದ. ಅವನ ದನಿಯಲ್ಲಿ ಚುಚ್ಚು ಇರಲಿಲ್ಲ. ಅದರಿಂದಲೇ ಶಿವಪ್ರಕಾಶನಿಗೆ ಹೆಚ್ಚು ಚುಚ್ಚಿತು.

ಆರೂವರೆಗೆ ಅವನು ಮನೆ ಮುಟ್ಟಿದಾಗ ರಾಯರು ಅದೇ ಕುರ್ಚಿಯಲ್ಲಿದ್ದರು. ಮೊಳೆಯನ್ನು ಅಂಗೈಯಲ್ಲಿಟ್ಟು ಧೋತರದ ಚುಂಗಿನಿಂದ ಒರೆಸಿದರು. "ಹೋಗ್ಲಿ," ಎಂದರು. "ತಪ್ಪು ಯಾರು ಮಾಡೂದಿಲ್ಲ? ಮೊಳಿ ಬಂತು, ಸಾಕು. ಗಿಲಾವ್ ಮಾಡಿಸಿ ಅಲ್ಲೇ ಹೊಡಸ್ರಿ." ಮತ್ತೆ ಪೆನ್ನಿನ ಮುಚ್ಚಳ ತೆಗೆದರು.

ಗೌರಾಬಾಯಿ ರಾಯರ ಕುರ್ಚಿಯ ಹಿಂದೆ ನಿಂತು, ಬಾಯಿಗೆ ಸೆರಗು ಒತ್ತಿ ಗಂಡನಿಗೆ ತೋರಿಸಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಹೆಂಡತಿಯೂ ಹೇಳಲಾರಳು. ಆದರೆ ಶಿವಪ್ರಕಾಶನಿಗೆ ನಿಜವಾಗಿಯೂ ಹೃದಯ ತುಂಬಿ ಬಂದಿತ್ತು. ಇಂಥ ದೊಡ್ಡ ಮನುಷ್ಯನಿಗೆ ಮೋಸ ಮಾಡಹೊರಟೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು, ಆ ನಾಚಿಕೆ ಮಾತಾಗಿ ಹೊರಟಿತು.

"ರಾಯರ, ಇದನ್ನ ಮೊಳಿ ಅನಬ್ಯಾಡ್ರಿ. ಇದು ನಿಮ್ಮ ಅವ್ವಾರ ಕೈ. ನಮ್ಮಂಥಾ ಬಾಡಿಗಿಯವರು ಬರ್ತೀವಿ, ಹೋಗ್ತೀವಿ, ಇದರ ಬೆಲಿ ನಮಗೇನು ಗೊತ್ತು? ಇಂಥಾದ್ದನ್ನ ಕಂಡಕಂಡವರ ಕೈಯಾಗ ಬಿಡಬಾರ್ದು. ಇದು ಇರೂ ಕೋಣಿ ಕೋಣಿ ಅಲ್ರಿ, ದೇವರ ಮನಿ."

ರಾಯರು ಕನ್ನಡಕ ತೆಗೆದರು. ಕಣ್ಣುಗಳು ಒದ್ದೆಯಾಗಿದ್ದವು. ಮೊಳೆಯನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ ಜೇಬಿನಲ್ಲಿಟ್ಟುಕೊಂಡರು.

"ಖರೆ ಹೇಳಿದ್ರಿ," ಎಂದರು. "ಇಷ್ಟು ವರ್ಷ ನನಗ ಇದು ಹೊಳಿಲಿಲ್ಲ. ಅವ್ವನ ಕೋಣಿ ಬಾಡಿಗಿಗೆ ಹಚ್ಚಿ ಕೂತಿದ್ನಿ. ಇನ್ನ ಯಾರಿಗೂ ಕೊಡೂದಿಲ್ಲ. ಈ ತಿಂಗಳ ಅಖೇರಿಗೆ ಖಾಲಿ ಮಾಡ್ರಿ." ಎದ್ದು ಬಂದು ಶಿವಪ್ರಕಾಶನ ಎರಡೂ ಕೈ ಹಿಡಿದುಕೊಂಡರು. "ನಿಮ್ಮಂಥಾ ಬಾಡಿಗಿಯವರು ನನಗ ಸಿಕ್ಕಿರ್ಲಿಲ್ಲ."

ಅವರು ಕೋಲು ಊರುತ್ತ ಜಿನೆ ಇಳಿದು ಹೋದರು. ಕೋಣೆಯಲ್ಲಿ ಲವಂಗದ ವಾಸನೆ ಉಳಿಯಿತು.

ಗೌರಾಬಾಯಿ ಒಳಗೆ ಹೋಗಿ, ಮಂಚದ ಕೆಳಗಿಂದ ಟ್ರಂಕನ್ನು ಎಳೆದಳು. ತಪ್ಪಾಯಿತು ಎಂದು ಹೇಳಿದರೆ ಅವಳು ಅಲ್ಲಿಗೇ ನಿಲ್ಲಿಸುತ್ತಿದ್ದಳೇನೋ. ಅದು ಒಂದೇ ಮಾತು. ಶಿವಪ್ರಕಾಶ ಬಾಗಿಲಲ್ಲಿ ಬಂದು ನಿಂತ, ಕುತ್ತಿಗೆಯ ಟವೆಲ್ಲನ್ನು ಸರಿಪಡಿಸಿಕೊಂಡ, ಒಮ್ಮೆ ಕೆಮ್ಮಿದ.

"ನೋಡು ಗೌರಾ," ಎಂದು ಶುರು ಮಾಡಿದ, "ಮನುಷ್ಯಾನ ಜೀವನದಾಗ..."

ಗೌರಾಬಾಯಿ ಟ್ರಂಕಿನ ಮುಚ್ಚಳ ತೆರೆದು, ಮೊದಲ ಸೀರೆಯನ್ನು ಮಡಚಿ ಇಟ್ಟಳು.